ಡಿ. ಕೆ. ಬಸು ವಿರುದ್ಧ ಪಶ್ಚಿಮ ಬಂಗಾಳ ರಾಜ್ಯ

ಡಿ. ಕೆ. ಬಸು ವಿರುದ್ಧ ಪಶ್ಚಿಮ ಬಂಗಾಳ ರಾಜ್ಯ ಎಂಬುದು ಪೊಲೀಸ್ ದಸ್ತಗಿರಿ ಮತ್ತು ವಶದಲ್ಲಿರುವ ವ್ಯಕ್ತಿಯ ಹಕ್ಕುಗಳನ್ನು ಕುರಿತು ಭಾರತದ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 18ರಂದು ನೀಡಿದ ತೀರ್ಪು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ನ್ಯಾಯಮೂರ್ತಿ ಎ. ಎಸ್. ಆನಂದ್ ಅವರನ್ನೊಳಗೊಂಡ ಪೀಠವು ಈ ಪ್ರಕರಣವನ್ನು ಆಲಿಸಿತು. ತೀರ್ಪನ್ನು ಬರೆದವರು ನ್ಯಾಯಮೂರ್ತಿ ಆನಂದ್. ಯಾವುದೇ ವ್ಯಕ್ತಿಯನ್ನು ದಸ್ತಗಿರಿ ಮಾಡುವಾಗ ಪೊಲೀಸರು ಪಾಲಿಸಲೇಬೇಕಾದ ಹನ್ನೊಂದು ಸೂಚನೆಗಳನ್ನು ಈ ತೀರ್ಪು ವಿಧಿಸಿತು. ಅವುಗಳಲ್ಲಿ ಹೆಚ್ಚಿನವು ಮುಂದೆ ಶಾಸನದ ರೂಪ ಪಡೆದು, ಇಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಸೇರಿವೆ.

ಪೊಲೀಸರ ಆಜ್ಞೆಗೆ ಪ್ರಜೆಯು ಎಷ್ಟರಮಟ್ಟಿಗೆ ಬದ್ಧ, ಆ ಆಜ್ಞೆಯನ್ನು ಪ್ರಶ್ನಿಸುವ ಅಧಿಕಾರ ಅವನಿಗೆ ಎಷ್ಟಿದೆ ಎಂಬ ಹಳೆಯ ವಿವಾದಕ್ಕೆ ಭಾರತೀಯ ಕಾನೂನು ನೀಡಿರುವ ಉತ್ತರವನ್ನು ತಿಳಿಯಲು ಈ ಪ್ರಕರಣವು ಉಪಯುಕ್ತವಾದುದು. ವಿಧೇಯತೆ ಮತ್ತು ಪ್ರಶ್ನೆ ಇವೆರಡನ್ನೂ ಕಾನೂನು ಪರಸ್ಪರ ವಿರುದ್ಧವೆಂದು ಎಣಿಸುವುದಿಲ್ಲ. ಪ್ರಜೆಯು ಬಲಪ್ರಯೋಗದಿಂದ ಪ್ರತಿಭಟಿಸಬಾರದು. ಆದರೆ ಅಧಿಕಾರಿಯು ತನ್ನ ಪ್ರತಿಯೊಂದು ಹೆಜ್ಜೆಗೂ ಲಿಖಿತ ಲೆಕ್ಕ ಕೊಡಬೇಕು. ತೀರ್ಪಿನ ಸಾರ ಇದು.

ಹಿನ್ನೆಲೆ

ಕಾನೂನಿನ ಆಳ್ವಿಕೆ ಎಂಬ ಪರಿಕಲ್ಪನೆಗೆ ಪ್ರಸಿದ್ಧವಾದ ವಿವರಣೆಯನ್ನು ನೀಡಿದವರು ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ಎ. ವಿ. ಡೈಸಿ. 1885ರಲ್ಲಿ ಪ್ರಕಟವಾದ ಸಂವಿಧಾನ ಕಾನೂನಿನ ಗ್ರಂಥದಲ್ಲಿ ಅವರು, ಪ್ರಧಾನಮಂತ್ರಿಯಿಂದ ಹಿಡಿದು ಸಾಮಾನ್ಯ ಪೇದೆಯವರೆಗೆ ಪ್ರತಿಯೊಬ್ಬ ಅಧಿಕಾರಿಯೂ ಕಾನೂನುಬಾಹಿರ ಕೃತ್ಯಕ್ಕೆ ಇತರ ಪ್ರಜೆಗಳಷ್ಟೇ ಹೊಣೆಗಾರನೆಂದು ಪ್ರತಿಪಾದಿಸಿದರು. ಈ ದೃಷ್ಟಿಯಲ್ಲಿ ಕಾನೂನಿನ ಆಳ್ವಿಕೆ ಎಂದರೆ ಪೊಲೀಸರ ಆಳ್ವಿಕೆಯಲ್ಲ. ಪೊಲೀಸರನ್ನೂ ಒಳಗೊಂಡ ಎಲ್ಲರ ಮೇಲಿನ ಆಳ್ವಿಕೆ.

ಭಾರತದ ಪೊಲೀಸ್ ವ್ಯವಸ್ಥೆಯು ಬಹುಮಟ್ಟಿಗೆ 1861ರ ಪೊಲೀಸ್ ಕಾಯ್ದೆಯ ಅಡಿಪಾಯದ ಮೇಲೆ ಬೆಳೆದುಬಂದಿದೆ. 1857ರ ಬಂಡಾಯದ ಬಳಿಕ ವಸಾಹತುಶಾಹಿ ಸರ್ಕಾರವು ರೂಪಿಸಿದ ಈ ಕಾಯ್ದೆಯಲ್ಲಿ ಪ್ರಜೆಗಳಿಗೆ ಉತ್ತರ ಹೇಳುವುದಕ್ಕಿಂತ ಸರ್ಕಾರಕ್ಕೆ ಉತ್ತರ ಹೇಳುವ ವ್ಯವಸ್ಥೆಗೆ ಪ್ರಾಧಾನ್ಯವಿತ್ತು. ಹಾಗಿದ್ದರೂ ಅಂದಿನ ಶಾಸನಕರ್ತರೇ ಠಾಣೆಯೊಳಗಿನ ಹಿಂಸೆಯನ್ನು ಅರಿತಿದ್ದರು. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳಿತು. ತಪ್ಪೊಪ್ಪಿಗೆ ಪಡೆಯಲು ನೋವುಂಟುಮಾಡುವುದನ್ನು ಭಾರತೀಯ ದಂಡ ಸಂಹಿತೆಯು ಪ್ರತ್ಯೇಕ ಅಪರಾಧವೆಂದು ಪರಿಗಣಿಸಿತು.

ಸಂವಿಧಾನ ಸಭೆಯಲ್ಲಿಯೂ ಈ ವಿಷಯವು ತೀವ್ರ ಚರ್ಚೆಗೆ ಒಳಗಾಯಿತು. ಕಾನೂನು ವಿಧಿಸಿದ ಕಾರ್ಯವಿಧಾನದ ಹೊರತು ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಹರಣ ಮಾಡಬಾರದೆಂಬ ಈಗಿನ 21ನೇ ವಿಧಿಯು, ದಬ್ಬಾಳಿಕೆಯ ಕಾನೂನುಗಳಿಗೆ ದಾರಿ ಮಾಡಿಕೊಡಬಹುದೆಂದು ಹಲವು ಸದಸ್ಯರು ಆಕ್ಷೇಪಿಸಿದರು. ಆ ಕೊರತೆಯನ್ನು ತುಂಬಲು ಡಾ. ಬಿ. ಆರ್. ಅಂಬೇಡ್ಕರ್ ಅವರು 1949ರ ಸೆಪ್ಟೆಂಬರ್‌ನಲ್ಲಿ ಹೊಸ ವಿಧಿಯೊಂದನ್ನು ಮಂಡಿಸಿದರು. ಅದೇ ಈಗಿನ 22ನೇ ವಿಧಿ. ದಸ್ತಗಿರಿಗೆ ಕಾರಣವನ್ನು ತಿಳಿಸಬೇಕು, ತನಗೆ ಬೇಕಾದ ವಕೀಲರನ್ನು ಸಂಪರ್ಕಿಸಲು ಅವಕಾಶ ನೀಡಬೇಕು, ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗೆ ಸಮೀಪದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ಮೂರು ರಕ್ಷಣೆಗಳು ಅದರಲ್ಲಿವೆ. ನಿವಾರಕ ಬಂಧನಕ್ಕೆ ಇದೇ ವಿಧಿಯಲ್ಲಿ ಬೇರೆ ನಿಯಮಗಳಿವೆ.

ಪೂರ್ವಭಾವಿ ತೀರ್ಪುಗಳು

ಬಸು ಪ್ರಕರಣಕ್ಕೆ ಮುನ್ನ ಬಂದ ನಾಲ್ಕು ತೀರ್ಪುಗಳು ಅದಕ್ಕೆ ದಾರಿಯನ್ನು ಸಿದ್ಧಗೊಳಿಸಿದವು.

ನಂದಿನಿ ಸತ್ಪತಿ ವಿರುದ್ಧ ಪಿ. ಎಲ್. ದಾನಿ (1978): ಒರಿಸ್ಸಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿಯವರನ್ನು ವಿಚಾರಣೆಗಾಗಿ ಠಾಣೆಗೆ ಕರೆಸಿ, ಲಿಖಿತ ಪ್ರಶ್ನೆಗಳನ್ನು ನೀಡಲಾಗಿತ್ತು. ಅವರು ಉತ್ತರಿಸಲು ನಿರಾಕರಿಸಿದಾಗ ಅವರ ಮೇಲೆ ಮೊಕದ್ದಮೆ ಹೂಡಲಾಯಿತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ 20(3)ನೇ ವಿಧಿಯ ರಕ್ಷಣೆಯು ಪೊಲೀಸ್ ವಿಚಾರಣೆಯ ಹಂತಕ್ಕೂ ಅನ್ವಯಿಸುತ್ತದೆಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪು ಹೇಳಿತು. ಮಹಿಳೆಯನ್ನು ವಿಚಾರಣೆಗಾಗಿ ಠಾಣೆಗೆ ಕರೆಸಿದ್ದು ಕಾನೂನಿಗೆ ವಿರುದ್ಧವೆಂದೂ ಅದು ಎತ್ತಿ ತೋರಿಸಿತು.

ರುದುಲ್ ಷಾ ವಿರುದ್ಧ ಬಿಹಾರ ರಾಜ್ಯ (1983): 1968ರಲ್ಲಿಯೇ ದೋಷಮುಕ್ತನಾಗಿದ್ದ ವ್ಯಕ್ತಿಯೊಬ್ಬ 1982ರವರೆಗೆ, ಅಂದರೆ ಹದಿನಾಲ್ಕು ವರ್ಷ, ಸೆರೆಮನೆಯಲ್ಲಿಯೇ ಉಳಿದಿದ್ದ. ಮೂಲಭೂತ ಹಕ್ಕಿನ ಉಲ್ಲಂಘನೆಗಾಗಿ ಸರ್ಕಾರವು ಪರಿಹಾರಧನ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು.

ನೀಲಾಬತಿ ಬೆಹೆರಾ ವಿರುದ್ಧ ಒರಿಸ್ಸಾ ರಾಜ್ಯ (1993): ಪೊಲೀಸರು ಕರೆದೊಯ್ದ 22 ವರ್ಷದ ಯುವಕನ ಶವವು ಮರುದಿನ ರೈಲು ಹಳಿಯ ಬಳಿ ದೊರೆಯಿತು. ತಾಯಿ ಬರೆದ ಪತ್ರವನ್ನೇ ರಿಟ್ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯವು 1,50,000 ರೂಪಾಯಿ ಪರಿಹಾರ ನೀಡುವಂತೆ ಆಜ್ಞಾಪಿಸಿತು. ಇಂತಹ ಸಂದರ್ಭದಲ್ಲಿ ಸರ್ಕಾರವು ಸಾರ್ವಭೌಮತ್ವದ ರಕ್ಷಣೆಯನ್ನು ಮುಂದೊಡ್ಡಲಾಗದೆಂಬ ನಿಲುವು ಇಲ್ಲಿ ಸ್ಪಷ್ಟವಾಯಿತು.

ಜೋಗಿಂದರ್ ಕುಮಾರ್ ವಿರುದ್ಧ ಉತ್ತರ ಪ್ರದೇಶ ರಾಜ್ಯ (1994): ದಸ್ತಗಿರಿ ಮಾಡುವ ಅಧಿಕಾರ ಇರುವುದು ಬೇರೆ, ಅದನ್ನು ಬಳಸಲು ಸಮರ್ಥನೆ ಇರುವುದು ಬೇರೆ ಎಂದು ಈ ತೀರ್ಪು ಸಾರಿತು. ದೇಶದಲ್ಲಿ ನಡೆಯುವ ದಸ್ತಗಿರಿಗಳಲ್ಲಿ ಶೇಕಡಾ 60ರಷ್ಟು ಅನಗತ್ಯ ಅಥವಾ ಅಸಮರ್ಥನೀಯ ಎಂಬ ರಾಷ್ಟ್ರೀಯ ಪೊಲೀಸ್ ಆಯೋಗದ ಮೂರನೆಯ ವರದಿಯ ಅಭಿಪ್ರಾಯವನ್ನು ನ್ಯಾಯಾಲಯವು ಉಲ್ಲೇಖಿಸಿತು.

ಪ್ರಕರಣದ ಆರಂಭ

ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರಾಗಿದ್ದ ಡಿ. ಕೆ. ಬಸು ಅವರು 1986ರ ಆಗಸ್ಟ್ 26ರಂದು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರವೊಂದನ್ನು ಬರೆದರು. ಅದೇ ವರ್ಷದ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ದಿ ಟೆಲಿಗ್ರಾಫ್, ದಿ ಸ್ಟೇಟ್ಸ್‌ಮನ್ ಮತ್ತು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದ ಲಾಕಪ್ ಸಾವುಗಳ ವರದಿಗಳತ್ತ ಅವರು ಗಮನ ಸೆಳೆದರು. ಇಂತಹ ಸಾವುಗಳನ್ನು ಮುಚ್ಚಿಹಾಕುವ ಪ್ರಯತ್ನ ನಡೆಯುವುದರಿಂದ ತಪ್ಪಿತಸ್ಥರಿಗೆ ಶಿಕ್ಷೆಯಾಗದೆ ಅಪರಾಧವು ಬೆಳೆಯುತ್ತದೆ; ಆದ್ದರಿಂದ ವಶದಲ್ಲಿರುವವರ ರಕ್ಷಣೆಗೂ ಸತ್ತವರ ಕುಟುಂಬಗಳ ಪರಿಹಾರಕ್ಕೂ ಒಂದು ನ್ಯಾಯತತ್ತ್ವ ರೂಪುಗೊಳ್ಳಬೇಕು ಎಂಬುದು ಅವರ ಬಿನ್ನಹವಾಗಿತ್ತು.

ಈ ಪತ್ರವನ್ನು ರಿಟ್ ಅರ್ಜಿಯೆಂದು ಪರಿಗಣಿಸಿ 1987ರ ಫೆಬ್ರುವರಿ 9ರಂದು ನೋಟಿಸು ಹೊರಡಿಸಲಾಯಿತು. ಅಲಿಗಢದ ಪಿಲ್ಖಾನಾದ ವ್ಯಕ್ತಿಯೊಬ್ಬರ ಲಾಕಪ್ ಸಾವಿನ ಬಗ್ಗೆ ಅದೇ ವರ್ಷದ ಜುಲೈ 29ರಂದು ಬರೆದ ಇನ್ನೊಂದು ಪತ್ರವನ್ನೂ ಇದರೊಂದಿಗೆ ಸೇರಿಸಲಾಯಿತು. ಇದು ಒಂದು ರಾಜ್ಯಕ್ಕೆ ಸೀಮಿತವಾದ ಸಮಸ್ಯೆಯಲ್ಲವೆಂದು ಮನಗಂಡ ನ್ಯಾಯಾಲಯವು 1987ರ ಆಗಸ್ಟ್ 14ರಂದು ಎಲ್ಲ ರಾಜ್ಯ ಸರ್ಕಾರಗಳಿಗೂ ಕಾನೂನು ಆಯೋಗಕ್ಕೂ ನೋಟಿಸು ನೀಡಿತು. ಹಿರಿಯ ವಕೀಲ ಎ. ಎಂ. ಸಿಂಘ್ವಿ ಅವರು ನ್ಯಾಯಾಲಯಕ್ಕೆ ಸಹಾಯಕರಾಗಿ ನೆರವಾದರು. ಪತ್ರ ಬರೆದ ದಿನದಿಂದ ತೀರ್ಪು ಬರುವವರೆಗೆ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಸಂದಿತ್ತು.

ತೀರ್ಪಿನ ವಿಚಾರಸರಣಿ

ವಶದಲ್ಲಿ ನಡೆಯುವ ಹಿಂಸೆಯು ಮಾನವ ಘನತೆಯ ಮೇಲಿನ ಆಕ್ರಮಣವೆಂದೂ ಕಾನೂನಿನ ಆಳ್ವಿಕೆಗೆ ನೀಡುವ ಪೆಟ್ಟೆಂದೂ ನ್ಯಾಯಾಲಯವು ಅಭಿಪ್ರಾಯಪಟ್ಟಿತು. ದಸ್ತಗಿರಿಯಾದ ಕ್ಷಣದಲ್ಲಿ ವ್ಯಕ್ತಿಯು ತನ್ನ ಬದುಕುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ. ವಿಚಾರಣಾಧೀನ ಕೈದಿಗೂ ಶಿಕ್ಷೆಗೊಳಗಾದವನಿಗೂ 21ನೇ ವಿಧಿಯ ರಕ್ಷಣೆ ಉಂಟು. ಕಾನೂನನ್ನು ಕಾಯಬೇಕಾದವರೇ ಅದನ್ನು ಮುರಿದರೆ ಜನರಲ್ಲಿ ಕಾನೂನಿನ ಬಗೆಗೆ ತಿರಸ್ಕಾರ ಹುಟ್ಟಿ, ಪ್ರತಿಯೊಬ್ಬನೂ ತನಗೆ ತಾನೇ ನ್ಯಾಯ ಮಾಡಿಕೊಳ್ಳಲು ತೊಡಗುವ ಅರಾಜಕತೆ ಉಂಟಾಗುತ್ತದೆ ಎಂಬುದು ತೀರ್ಪಿನ ಮುಖ್ಯ ತರ್ಕ. ಅಧಿಕಾರದ ದುರ್ಬಳಕೆಯನ್ನು ಪ್ರಶ್ನಿಸುವುದರಿಂದ ಶಿಸ್ತು ಕೆಡುತ್ತದೆಂಬ ವಾದಕ್ಕೆ ಇದು ಉತ್ತರವಾಗಿತ್ತು. ಪ್ರಶ್ನಿಸಲಾಗದ ಅಧಿಕಾರವೇ ಅಶಿಸ್ತಿನ ಮೂಲವೆಂದು ನ್ಯಾಯಾಲಯವು ಕಂಡಿತು.

ಪೊಲೀಸರ ಪಕ್ಷವನ್ನೂ ತೀರ್ಪು ಪರಿಗಣಿಸಿತು. ಭಯೋತ್ಪಾದನೆ, ಮಾದಕವಸ್ತುಗಳ ಸಾಗಾಟ ಮೊದಲಾದ ಗಂಭೀರ ಅಪರಾಧಗಳನ್ನು ಎದುರಿಸುವ ಪೊಲೀಸರ ಕೆಲಸ ಕಠಿಣವಾದುದು; ಹಕ್ಕುಗಳಿಗೆ ಅತಿಯಾದ ಒತ್ತು ನೀಡಿದರೆ ಅಪರಾಧಿಗಳು ತಪ್ಪಿಸಿಕೊಳ್ಳಬಹುದು ಎಂಬ ವಾದದಲ್ಲಿ ತಥ್ಯವಿದೆಯೆಂದು ಅದು ಒಪ್ಪಿತು. ವ್ಯಕ್ತಿಯ ಹಿತವು ಸಮಾಜದ ಹಿತಕ್ಕೆ ಮಣಿಯಬೇಕಾದ ಸಂದರ್ಭಗಳೂ ಇವೆ. ಆದರೆ ಅಪರಾಧವನ್ನು ಹತ್ತಿಕ್ಕುವ ಮಾರ್ಗವೂ ನ್ಯಾಯಸಮ್ಮತವಾಗಿರಬೇಕು. ಭಯೋತ್ಪಾದನೆಗೆ ರಾಜ್ಯವೇ ಭಯೋತ್ಪಾದನೆಯಿಂದ ಉತ್ತರ ನೀಡುವುದು ಸಲ್ಲದೆಂದು ಹೇಳಿತು. ತನಿಖೆಯಲ್ಲಿ ವೈಜ್ಞಾನಿಕ ವಿಧಾನಗಳ ಬಳಕೆ ಮತ್ತು ಸಿಬ್ಬಂದಿಗೆ ಸೂಕ್ತ ತರಬೇತಿ ಅಗತ್ಯವೆಂದು ಸೂಚಿಸಿತು.

ಪರಿಹಾರಧನದ ವಿಷಯದಲ್ಲಿ, ತಪ್ಪಿತಸ್ಥ ಸಿಬ್ಬಂದಿಗೆ ಶಿಕ್ಷೆಯಾದ ಮಾತ್ರಕ್ಕೆ ನೊಂದ ಕುಟುಂಬಕ್ಕೆ ಸಮಾಧಾನ ದೊರೆಯುವುದಿಲ್ಲ. ತನ್ನ ನೌಕರರ ಕೃತ್ಯಕ್ಕೆ ಸರ್ಕಾರವು ಹೊಣೆ ಹೊರಬೇಕು ಎಂದು ನ್ಯಾಯಾಲಯವು ನಿರ್ಣಯಿಸಿತು.

ಹನ್ನೊಂದು ಸೂಚನೆಗಳು

ತೀರ್ಪಿನ ಸೂಚನೆಗಳ ಸಾರಾಂಶ ಹೀಗಿದೆ:

1. ದಸ್ತಗಿರಿ ಮಾಡುವ ಮತ್ತು ವಿಚಾರಣೆ ನಡೆಸುವ ಸಿಬ್ಬಂದಿಯು ಹೆಸರು, ಹುದ್ದೆಗಳನ್ನು ಸ್ಪಷ್ಟವಾಗಿ ತೋರಿಸುವ ಗುರುತುಪಟ್ಟಿಯನ್ನು ಧರಿಸಿರಬೇಕು. ವಿಚಾರಣೆ ನಡೆಸುವವರ ವಿವರಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು.

2. ದಸ್ತಗಿರಿಯ ಸಮಯದಲ್ಲಿಯೇ ದಸ್ತಗಿರಿ ಪತ್ರವನ್ನು ಸಿದ್ಧಪಡಿಸಬೇಕು. ಕುಟುಂಬದ ಸದಸ್ಯರು ಅಥವಾ ಆ ಸ್ಥಳದ ಗೌರವಾನ್ವಿತ ವ್ಯಕ್ತಿಯೊಬ್ಬರು ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಬೇಕು. ದಸ್ತಗಿರಿಯಾದವರ ಸಹಿ, ದಿನಾಂಕ ಮತ್ತು ವೇಳೆ ಅದರಲ್ಲಿರಬೇಕು.

3. ದಸ್ತಗಿರಿಯಾದವರ ಸ್ನೇಹಿತರು, ಬಂಧುಗಳು ಅಥವಾ ಹಿತೈಷಿಗಳಲ್ಲಿ ಒಬ್ಬರಿಗೆ ಆದಷ್ಟು ಬೇಗ ವಿಷಯ ತಿಳಿಸಬೇಕು.

4. ಆ ಬಂಧುವು ಬೇರೆ ಜಿಲ್ಲೆಯಲ್ಲಿದ್ದರೆ ಅಥವಾ ಊರಿನ ಹೊರಗಿದ್ದರೆ, ಜಿಲ್ಲೆಯ ಕಾನೂನು ನೆರವು ಸಂಸ್ಥೆ ಮತ್ತು ಅಲ್ಲಿನ ಠಾಣೆಯ ಮೂಲಕ 8ರಿಂದ 12 ಗಂಟೆಗಳೊಳಗೆ ತಂತಿ ಸಂದೇಶ ಕಳುಹಿಸಬೇಕು.

5. ಹೀಗೆ ಒಬ್ಬರಿಗೆ ತಿಳಿಸುವ ಹಕ್ಕು ತನಗಿದೆಯೆಂಬುದನ್ನು ದಸ್ತಗಿರಿಯಾದ ಕೂಡಲೇ ಆ ವ್ಯಕ್ತಿಗೆ ಹೇಳಬೇಕು.

6. ವಿಷಯ ತಿಳಿಸಲಾದ ಬಂಧುವಿನ ಹೆಸರನ್ನೂ ಆ ವ್ಯಕ್ತಿಯು ಯಾವ ಸಿಬ್ಬಂದಿಯ ವಶದಲ್ಲಿದ್ದಾನೆ ಎಂಬುದನ್ನೂ ವಶದ ಸ್ಥಳದ ದಿನಚರಿಯಲ್ಲಿ ನಮೂದಿಸಬೇಕು.

7. ದಸ್ತಗಿರಿಯಾದವರು ಕೋರಿದರೆ ಅವರ ದೇಹಪರೀಕ್ಷೆ ನಡೆಸಿ, ಆಗ ಇರುವ ದೊಡ್ಡ ಮತ್ತು ಸಣ್ಣ ಗಾಯಗಳನ್ನು ಬರೆದಿಡಬೇಕು. ಇಬ್ಬರೂ ಸಹಿ ಮಾಡಿದ ಆ ಪತ್ರದ ಪ್ರತಿಯನ್ನು ದಸ್ತಗಿರಿಯಾದವರಿಗೆ ಕೊಡಬೇಕು.

8. ವಶದಲ್ಲಿರುವವರೆಗೆ ಪ್ರತಿ 48 ಗಂಟೆಗಳಿಗೊಮ್ಮೆ ಅನುಮೋದಿತ ಪಟ್ಟಿಯಲ್ಲಿರುವ ವೈದ್ಯರಿಂದ ತಪಾಸಣೆ ಮಾಡಿಸಬೇಕು.

9. ದಸ್ತಗಿರಿ ಪತ್ರವೂ ಸೇರಿದಂತೆ ಎಲ್ಲ ದಾಖಲೆಗಳ ಪ್ರತಿಗಳನ್ನು ಆ ಪ್ರದೇಶದ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕು.

10. ವಿಚಾರಣೆಯ ಸಮಯದಲ್ಲಿ ವಕೀಲರನ್ನು ಭೇಟಿಯಾಗಲು ಅವಕಾಶ ನೀಡಬಹುದು. ಆದರೆ ವಿಚಾರಣೆಯ ಉದ್ದಕ್ಕೂ ಅಲ್ಲ.

11. ಎಲ್ಲ ಜಿಲ್ಲಾ ಮತ್ತು ರಾಜ್ಯ ಕೇಂದ್ರಗಳಲ್ಲಿ ಪೊಲೀಸ್ ನಿಯಂತ್ರಣ ಕೊಠಡಿ ಇರಬೇಕು. ದಸ್ತಗಿರಿ ಮತ್ತು ವಶದ ಸ್ಥಳದ ಮಾಹಿತಿಯನ್ನು 12 ಗಂಟೆಗಳೊಳಗೆ ಅಲ್ಲಿಗೆ ತಲುಪಿಸಿ, ಎದ್ದುಕಾಣುವ ಫಲಕದಲ್ಲಿ ಪ್ರಕಟಿಸಬೇಕು.

ಇವುಗಳನ್ನು ಪಾಲಿಸದ ಅಧಿಕಾರಿಯು ಇಲಾಖಾ ಕ್ರಮಕ್ಕೆ ಮಾತ್ರವಲ್ಲದೆ ನ್ಯಾಯಾಲಯ ನಿಂದನೆಯ ಕ್ರಮಕ್ಕೂ ಗುರಿಯಾಗುತ್ತಾನೆಂದು ತೀರ್ಪು ಎಚ್ಚರಿಸಿತು. ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆ, ಜಾರಿ ನಿರ್ದೇಶನಾಲಯ, ಸಿಬಿಐ ಮೊದಲಾದ ಸಂಸ್ಥೆಗಳಿಗೂ ಸೂಚನೆಗಳು ಅನ್ವಯಿಸುತ್ತವೆಂದಿತು. ಸೂಚನೆಗಳನ್ನು ಪ್ರತಿ ಠಾಣೆಯಲ್ಲಿ ಕಾಣುವಂತೆ ತೂಗುಹಾಕಬೇಕೆಂದು ಆಜ್ಞಾಪಿಸಿ, ಆಕಾಶವಾಣಿ ಮತ್ತು ದೂರದರ್ಶನದಲ್ಲಿ ಪ್ರಸಾರ ಮಾಡುವುದು ಹಾಗೂ ಸ್ಥಳೀಯ ಭಾಷೆಗಳಲ್ಲಿ ಕರಪತ್ರಗಳನ್ನು ಹಂಚುವುದು ಪ್ರಯೋಜನಕಾರಿಯೆಂದು ಸೂಚಿಸಿತು. ಹಕ್ಕು ಇದೆಯೆಂದು ತಿಳಿಯದವನಿಗೆ ಆ ಹಕ್ಕಿನಿಂದ ಫಲವಿಲ್ಲ ಎಂಬುದು ಇದರ ಆಶಯ.

ವಿಧೇಯತೆಯ ಕರ್ತವ್ಯ ಮತ್ತು ಅದರ ಎಲ್ಲೆ

ಬಸು ತೀರ್ಪು ಪೊಲೀಸರ ಆಜ್ಞೆಯನ್ನು ಧಿಕ್ಕರಿಸಲು ಪ್ರಜೆಗೆ ಪರವಾನಗಿ ನೀಡಲಿಲ್ಲ. ವಿಧೇಯತೆಯ ಕರ್ತವ್ಯವನ್ನು ಅಪರಾಧ ಕಾನೂನು ಬೇರೆಡೆಯಲ್ಲಿ ವಿವರಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಸರ್ಕಾರಿ ನೌಕರನ ಕರ್ತವ್ಯಕ್ಕೆ ಬಲಪ್ರಯೋಗದಿಂದ ಅಡ್ಡಿಪಡಿಸುವುದನ್ನೂ, 221ನೇ ಕಲಂ ಸ್ವ ಇಚ್ಛೆಯಿಂದ ಅಡಚಣೆ ಉಂಟುಮಾಡುವುದನ್ನೂ ಶಿಕ್ಷಾರ್ಹಗೊಳಿಸಿವೆ. ಕಾನೂನುಬದ್ಧ ದಸ್ತಗಿರಿಯನ್ನು ಪ್ರತಿರೋಧಿಸುವುದು 262ನೇ ಕಲಮಿನಡಿ ಅಪರಾಧ. ಅಪರಾಧ ತಡೆಗಾಗಿ ಪೊಲೀಸರು ನೀಡುವ ಕಾನೂನುಬದ್ಧ ನಿರ್ದೇಶನಗಳಿಗೆ ಎಲ್ಲರೂ ಬದ್ಧರೆಂದು ನಾಗರಿಕ ಸುರಕ್ಷಾ ಸಂಹಿತೆಯ 172ನೇ ಕಲಂ ಹೇಳುತ್ತದೆ. ಪಾಲಿಸದವರನ್ನು ತಡೆದಿರಿಸಿ ಮ್ಯಾಜಿಸ್ಟ್ರೇಟರ ಮುಂದೆ ಒಯ್ಯಲು ಅಥವಾ ಸಣ್ಣ ಪ್ರಕರಣಗಳಲ್ಲಿ 24 ಗಂಟೆಗಳೊಳಗೆ ಬಿಡುಗಡೆ ಮಾಡಲು ಅದು ಅವಕಾಶ ನೀಡುತ್ತದೆ.

ಈ ಕಲಮುಗಳಲ್ಲಿ 172 ಮತ್ತು 262ರಲ್ಲಿ ಬರುವ "ಕಾನೂನುಬದ್ಧ" ಎಂಬ ಪದವು ಗಮನಾರ್ಹ. ವಿಧೇಯತೆ ಸಲ್ಲುವುದು ಸಮವಸ್ತ್ರಕ್ಕಲ್ಲ, ಕಾನೂನು ನೀಡಿದ ಅಧಿಕಾರಕ್ಕೆ. ಹಾಗಾದರೆ ಆಜ್ಞೆಯು ಕಾನೂನುಬದ್ಧವೇ ಎಂಬುದನ್ನು ಸ್ಥಳದಲ್ಲಿಯೇ ನಿರ್ಣಯಿಸುವವರು ಯಾರು? ಇದಕ್ಕೆ ನ್ಯಾಯ ಸಂಹಿತೆಯ 37ನೇ ಕಲಂ ಉತ್ತರ ನೀಡುತ್ತದೆ. ಸರ್ಕಾರಿ ನೌಕರನು ಸದ್ಭಾವನೆಯಿಂದ ತನ್ನ ಹುದ್ದೆಯ ಹೆಸರಿನಲ್ಲಿ ಮಾಡುವ ಕೃತ್ಯವು ಕಟ್ಟುನಿಟ್ಟಾಗಿ ನೋಡಿದರೆ ಕಾನೂನಿಗೆ ಸರಿಹೊಂದದಿದ್ದರೂ, ಅದರ ವಿರುದ್ಧ ಆತ್ಮರಕ್ಷಣೆಯ ಹಕ್ಕು ಇರುವುದಿಲ್ಲ. ಆದರೆ ಆ ಕೃತ್ಯದಿಂದ ಸಾವು ಅಥವಾ ತೀವ್ರ ಗಾಯವಾಗುವ ಸಕಾರಣ ಭಯವಿದ್ದರೆ ಈ ನಿರ್ಬಂಧವಿಲ್ಲ. ಎದುರಿರುವವನು ಸರ್ಕಾರಿ ನೌಕರನೆಂದು ತಿಳಿಯದಿದ್ದರೆ, ಹಾಗೆ ನಂಬಲು ಕಾರಣವೂ ಇಲ್ಲದಿದ್ದರೆ, ಆಗಲೂ ಇದು ಅನ್ವಯಿಸುವುದಿಲ್ಲ. ಗುರುತುಪಟ್ಟಿ ಧರಿಸಬೇಕೆಂಬ ಬಸು ತೀರ್ಪಿನ ಮೊದಲ ಸೂಚನೆಗೆ ಈ ಹಿನ್ನೆಲೆಯಲ್ಲಿ ಹೆಚ್ಚಿನ ಅರ್ಥವಿದೆ. ಗುರುತು ತಿಳಿಸುವ ಅಧಿಕಾರಿಗೆ ವಿಧೇಯತೆಯೂ ದೊರೆಯುತ್ತದೆ, ಮುಂದೆ ಹೊಣೆಯೂ ಅಂಟುತ್ತದೆ.

ಒಟ್ಟಿನಲ್ಲಿ ಕಾನೂನು ಪ್ರತಿರೋಧಕ್ಕೂ ಪ್ರಶ್ನೆಗೂ ನಡುವೆ ಗೆರೆ ಎಳೆದಿದೆ. ರಸ್ತೆಯಲ್ಲಿಯೋ ಮನೆಯ ಬಾಗಿಲಲ್ಲಿಯೋ ಕೈಮಿಲಾಯಿಸಿ ವಿವಾದವನ್ನು ತೀರ್ಮಾನಿಸಲು ಅದು ಒಪ್ಪುವುದಿಲ್ಲ. ಬದಲಿಗೆ ಆ ವಿವಾದವನ್ನು 24 ಗಂಟೆಗಳೊಳಗೆ ಮೂರನೆಯವರಾದ ಮ್ಯಾಜಿಸ್ಟ್ರೇಟರ ಮುಂದೆ ತರುತ್ತದೆ.

ಪ್ರಜೆಯು ಕೇಳಬಹುದಾದುದು ಮತ್ತು ಪಾಲಿಸಬೇಕಾದುದು

ಪ್ರಸ್ತುತ ಕಾನೂನಿನ ಪ್ರಕಾರ ಪೊಲೀಸರನ್ನು ಎದುರುಗೊಂಡ ಪ್ರಜೆಯ ಮುಖ್ಯ ಹಕ್ಕುಗಳು ಇವು:

ದಸ್ತಗಿರಿಯ ಕಾರಣವನ್ನೂ, ಜಾಮೀನು ಪಡೆಯಬಹುದಾದ ಅಪರಾಧವಾದರೆ ಆ ವಿಷಯವನ್ನೂ ತಿಳಿಯುವುದು (ನಾಗರಿಕ ಸುರಕ್ಷಾ ಸಂಹಿತೆಯ 47ನೇ ಕಲಂ).

ವಾರಂಟಿನ ಮೇಲೆ ದಸ್ತಗಿರಿಯಾದರೆ ವಾರಂಟನ್ನು ತೋರಿಸುವಂತೆ ಕೇಳುವುದು.

ಬಂಧುಗಳಿಗೆ ಅಥವಾ ಸ್ನೇಹಿತರಿಗೆ ತಿಳಿಸುವಂತೆ ಕೋರುವುದು (48ನೇ ಕಲಂ). ಈ ನಿಯಮ ಪಾಲನೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಮ್ಯಾಜಿಸ್ಟ್ರೇಟರ ಕರ್ತವ್ಯ.

ವಿಚಾರಣೆಯ ನಡುವೆ ವಕೀಲರನ್ನು ಭೇಟಿಯಾಗುವುದು (38ನೇ ಕಲಂ) ಮತ್ತು ವೈದ್ಯಕೀಯ ಪರೀಕ್ಷೆಗೆ ಒಳಪಡುವುದು (53ನೇ ಕಲಂ).

ತನ್ನನ್ನು ಅಪರಾಧದ ಆರೋಪಕ್ಕೆ ಸಿಲುಕಿಸುವ ಪ್ರಶ್ನೆಗಳಿಗೆ ಉತ್ತರಿಸದಿರುವುದು.

ಮಹಿಳೆಯರನ್ನು ವಿಶೇಷ ಸಂದರ್ಭಗಳ ಹೊರತು ಸೂರ್ಯಾಸ್ತದ ನಂತರ ಮತ್ತು ಸೂರ್ಯೋದಯದ ಮೊದಲು ದಸ್ತಗಿರಿ ಮಾಡುವಂತಿಲ್ಲ. ವಿಶೇಷ ಸಂದರ್ಭದಲ್ಲಿಯೂ ಮಹಿಳಾ ಅಧಿಕಾರಿಯು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಪಡೆಯಬೇಕು. ಸಾಕ್ಷಿ ಹೇಳಿಕೆಗಾಗಿ ಮಹಿಳೆಯರನ್ನು, 15 ವರ್ಷದೊಳಗಿನ ಬಾಲಕರನ್ನು ಹಾಗೂ 60 ವರ್ಷ ಮೀರಿದ ಪುರುಷರನ್ನು ಅವರ ವಾಸಸ್ಥಳದಿಂದ ಬೇರೆಡೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ.

ಇದರೊಂದಿಗೆ ಕರ್ತವ್ಯಗಳೂ ಇವೆ. ಸಂಜ್ಞೇಯವಲ್ಲದ ಅಪರಾಧವನ್ನು ಪೊಲೀಸರ ಎದುರಿನಲ್ಲಿ ಎಸಗಿದ ಅಥವಾ ಎಸಗಿದ ಆರೋಪವಿರುವ ವ್ಯಕ್ತಿಯು ನಿಜವಾದ ಹೆಸರು ಮತ್ತು ವಿಳಾಸವನ್ನು ಹೇಳದಿದ್ದರೆ, ಅದನ್ನು ತಿಳಿಯುವುದಕ್ಕಾಗಿಯೇ ಅವರನ್ನು ದಸ್ತಗಿರಿ ಮಾಡಬಹುದು. ಹಾಜರಾಗಬೇಕೆಂಬ ನೋಟಿಸಿಗೆ ಓಗೊಡಬೇಕು. ತಪ್ಪಿಸಿಕೊಳ್ಳಲು ಯತ್ನಿಸಿದರೆ ಪೊಲೀಸರು ಅಗತ್ಯವಿದ್ದಷ್ಟು ಬಲವನ್ನು ಬಳಸಬಹುದು. ಅದಕ್ಕಿಂತ ಹೆಚ್ಚಿನದನ್ನು ಬಳಸುವಂತಿಲ್ಲ.

ನಂತರದ ಬೆಳವಣಿಗೆಗಳು

ತೀರ್ಪಿನ ಸೂಚನೆಗಳನ್ನು ಸಂಸತ್ತು ಹಂತಹಂತವಾಗಿ ಕಾನೂನಿನಲ್ಲಿ ಸೇರಿಸಿತು. ದಸ್ತಗಿರಿಯ ವಿಷಯವನ್ನು ಬಂಧುಗಳಿಗೆ ತಿಳಿಸುವ ಹೊಣೆ ಹಾಗೂ ವಶದಲ್ಲಿ ಸಾವು ಸಂಭವಿಸಿದರೆ ನ್ಯಾಯಿಕ ಮ್ಯಾಜಿಸ್ಟ್ರೇಟರಿಂದ ವಿಚಾರಣೆ ನಡೆಯಬೇಕೆಂಬ ನಿಯಮವನ್ನು 2005ರ ತಿದ್ದುಪಡಿಯು ದಂಡ ಪ್ರಕ್ರಿಯಾ ಸಂಹಿತೆಗೆ ತಂದಿತು. ದಸ್ತಗಿರಿ ಪತ್ರ, ಗುರುತುಪಟ್ಟಿ, ನಿಯಂತ್ರಣ ಕೊಠಡಿ ಮತ್ತು ವಕೀಲರ ಭೇಟಿಗೆ ಸಂಬಂಧಿಸಿದ ಕಲಮುಗಳು 2008ರ ತಿದ್ದುಪಡಿಯಿಂದ ಸೇರಿದವು. ಇವೆಲ್ಲವೂ ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮುಂದುವರಿದಿವೆ.

ಪೊಲೀಸ್ ಸುಧಾರಣೆಗೆ ಸಂಬಂಧಿಸಿದ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ (2006ರ ಸೆಪ್ಟೆಂಬರ್ 22) ಸರ್ವೋಚ್ಚ ನ್ಯಾಯಾಲಯವು ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳನ್ನು ಸ್ಥಾಪಿಸುವಂತೆ ನಿರ್ದೇಶಿಸಿತು. ಕರ್ನಾಟಕದಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಇಂತಹ ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಲಾಯಿತು. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದ 2010ರ ತೀರ್ಪು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆಗಳನ್ನು ನಡೆಸುವುದನ್ನು ನಿಷೇಧಿಸಿತು. ಏಳು ವರ್ಷಗಳವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ದಸ್ತಗಿರಿ ಮಾಡಬಾರದು, ಮ್ಯಾಜಿಸ್ಟ್ರೇಟರೂ ಕಾರಣಗಳನ್ನು ಪರಿಶೀಲಿಸದೆ ವಶಕ್ಕೆ ಒಪ್ಪಿಸಬಾರದು ಎಂದು ಅರ್ನೇಶ್ ಕುಮಾರ್ ಪ್ರಕರಣವು (2014) ಹೇಳಿತು.

ಬಸು ಪ್ರಕರಣವೇ ಮತ್ತೆ ವಿಚಾರಣೆಗೆ ಬಂದಾಗ, 2015ರ ಜುಲೈ 24ರ ಆದೇಶದಲ್ಲಿ ಎಲ್ಲ ರಾಜ್ಯಗಳಲ್ಲಿ ಮಾನವ ಹಕ್ಕು ಆಯೋಗಗಳ ಸ್ಥಾಪನೆ ಹಾಗೂ ಸೆರೆಮನೆಗಳಲ್ಲಿ ಸಿಸಿಟಿವಿ ಅಳವಡಿಕೆಗೆ ನ್ಯಾಯಾಲಯವು ಸೂಚಿಸಿತು. ಪರಮವೀರ್ ಸಿಂಗ್ ಸೈನಿ ಪ್ರಕರಣದ 2020ರ ಡಿಸೆಂಬರ್ 2ರ ತೀರ್ಪು, ಪ್ರತಿ ಪೊಲೀಸ್ ಠಾಣೆಯಲ್ಲಿ ಧ್ವನಿಯನ್ನೂ ದಾಖಲಿಸುವ ಕ್ಯಾಮೆರಾಗಳಿರಬೇಕೆಂದು ಆದೇಶಿಸಿತು. ದಸ್ತಗಿರಿಯ ಕಾರಣಗಳನ್ನು ತಿಳಿಸದಿದ್ದರೆ ದಸ್ತಗಿರಿಯೇ ಅಸಿಂಧುವಾಗುತ್ತದೆಂದು ವಿಹಾನ್ ಕುಮಾರ್ ಪ್ರಕರಣದಲ್ಲಿ 2025ರ ಫೆಬ್ರುವರಿ 7ರಂದು ತೀರ್ಪು ಬಂದಿತು.

ಮಿತಿಗಳು ಮತ್ತು ಟೀಕೆ

ಬಸು ತೀರ್ಪಿನ ರಕ್ಷಣೆಗಳು ಆರಂಭವಾಗುವುದು ದಸ್ತಗಿರಿಯು ದಾಖಲಾದ ಬಳಿಕ. ಸುಮ್ಮನೆ ವಿಚಾರಣೆಗೆಂದು ಕರೆದೊಯ್ದು, ದಿನಚರಿಯಲ್ಲಿ ನಮೂದಿಸದೆ ಕೂರಿಸಿಕೊಂಡಾಗ ದಸ್ತಗಿರಿ ಪತ್ರವೂ ಇರುವುದಿಲ್ಲ, 24 ಗಂಟೆಗಳ ಲೆಕ್ಕವೂ ಇರುವುದಿಲ್ಲ. ಇಂತಹ ಅಕ್ರಮ ಬಂಧನದ ವಿರುದ್ಧ ಕುಟುಂಬದವರು ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಸಲ್ಲಿಸಬಹುದಾದರೂ, ಬಡವರಿಗೆ ಅದು ಸುಲಭಸಾಧ್ಯವಲ್ಲ.

ದಾಖಲೆಗಳನ್ನು ಬರೆಯುವವರೂ ಅವುಗಳಿಂದ ಹೊಣೆಗೆ ಗುರಿಯಾಗುವವರೂ ಒಬ್ಬರೇ ಆಗಿರುವುದು ಇನ್ನೊಂದು ದೌರ್ಬಲ್ಯ. ಲಾಕಪ್ ಸಾವಿಗೆ ಸಹೋದ್ಯೋಗಿಗಳಲ್ಲದೆ ಬೇರೆ ಪ್ರತ್ಯಕ್ಷ ಸಾಕ್ಷಿಗಳು ದೊರೆಯುವುದು ವಿರಳ. ವಶದಲ್ಲಿದ್ದಾಗ ಗಾಯವಾದರೆ ಅದನ್ನು ಪೊಲೀಸರೇ ಉಂಟುಮಾಡಿದರೆಂದು ನ್ಯಾಯಾಲಯವು ಭಾವಿಸಬಹುದೆಂಬ ನಿಯಮವನ್ನು ಸಾಕ್ಷ್ಯ ಕಾನೂನಿಗೆ ಸೇರಿಸಬೇಕೆಂದು ಕಾನೂನು ಆಯೋಗವು ತನ್ನ 113ನೇ ವರದಿಯಲ್ಲಿ ಶಿಫಾರಸು ಮಾಡಿತ್ತು, ಅದು ಶಾಸನವಾಗಲಿಲ್ಲ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 1997ರ ಅಕ್ಟೋಬರ್ 14ರಂದು ಸಹಿ ಹಾಕಿದ್ದರೂ ಸ್ಥಿರೀಕರಿಸಿಲ್ಲ. ಚಿತ್ರಹಿಂಸೆ ತಡೆ ಮಸೂದೆಯನ್ನು 2010ರಲ್ಲಿ ಲೋಕಸಭೆಯು ಅಂಗೀಕರಿಸಿತಾದರೂ ಅದು ಕಾಯ್ದೆಯಾಗಲಿಲ್ಲ. 2017ರಲ್ಲಿ ಕಾನೂನು ಆಯೋಗದ 273ನೇ ವರದಿಯು ಮತ್ತೊಂದು ಕರಡನ್ನು ನೀಡಿತು.

2020ರ ಜೂನ್‌ನಲ್ಲಿ ತಮಿಳುನಾಡಿನ ಸಾತಾನ್‌ಕುಳಂನಲ್ಲಿ, ಲಾಕ್‌ಡೌನ್ ನಿಯಮ ಮೀರಿ ಅಂಗಡಿ ತೆರೆದಿದ್ದರೆಂಬ ಆರೋಪದ ಮೇಲೆ ತಂದೆ ಮತ್ತು ಮಗನನ್ನು ದಸ್ತಗಿರಿ ಮಾಡಲಾಯಿತು. ಕೆಲವೇ ದಿನಗಳಲ್ಲಿ ಇಬ್ಬರೂ ಸಾವಿಗೀಡಾದರು. ಮದ್ರಾಸ್ ಉಚ್ಚ ನ್ಯಾಯಾಲಯದ ಮದುರೆ ಪೀಠವು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡಿತು; ತನಿಖೆಯನ್ನು ಸಿಬಿಐ ನಡೆಸಿತು. ಅವರ ಮೇಲಿದ್ದ ಆರೋಪವು ಅಂಗಡಿಯ ವೇಳೆಗೆ ಸಂಬಂಧಿಸಿದ ಅಲ್ಪ ಆರೋಪವಾಗಿತ್ತು. ಬಸು ತೀರ್ಪು ಬಂದು ಇಪ್ಪತ್ತಮೂರು ವರ್ಷಗಳ ನಂತರವೂ ಲಿಖಿತ ರಕ್ಷಣೆಗಳು ತಾವಾಗಿಯೇ ಕೆಲಸ ಮಾಡುವುದಿಲ್ಲವೆಂಬುದನ್ನು ಈ ಘಟನೆ ತೋರಿಸಿತು.

ಇನ್ನೊಂದೆಡೆ, ಹೊಸ ಸಂಹಿತೆಯ ಕೆಲವು ನಿಯಮಗಳು ಪೊಲೀಸರ ಅಧಿಕಾರವನ್ನು ವಿಸ್ತರಿಸಿವೆ ಎಂಬ ಟೀಕೆಯಿದೆ. ಕೈಕೋಳದ ವಾಡಿಕೆಯ ಬಳಕೆಯನ್ನು ಪ್ರೇಮ್ ಶಂಕರ್ ಶುಕ್ಲಾ ಪ್ರಕರಣವು (1980) ಅಸಾಂವಿಧಾನಿಕವೆಂದಿದ್ದರೆ, ಸಂಹಿತೆಯ 43(3)ನೇ ಕಲಂ ಕೆಲವು ಗಂಭೀರ ಅಪರಾಧಗಳಲ್ಲಿ ಅದಕ್ಕೆ ಅವಕಾಶ ನೀಡಿದೆ. ಹದಿನೈದು ದಿನಗಳ ಪೊಲೀಸ್ ವಶವನ್ನು ಮೊದಲ 40 ಅಥವಾ 60 ದಿನಗಳ ಅವಧಿಯಲ್ಲಿ ಬಿಡಿಬಿಡಿಯಾಗಿ ಪಡೆಯಲು 187ನೇ ಕಲಂ ಅನುವು ಮಾಡಿಕೊಟ್ಟಿದೆ.

ಮಹತ್ವ

ಬಸು ತೀರ್ಪು ಹೊಸ ಹಕ್ಕುಗಳನ್ನು ಸೃಷ್ಟಿಸಿತೆನ್ನುವುದಕ್ಕಿಂತ, ಸಂವಿಧಾನದಲ್ಲಿ ಇದ್ದ ಹಕ್ಕುಗಳನ್ನು ಠಾಣೆಯ ದಿನನಿತ್ಯದ ಕಾಗದಪತ್ರಗಳಿಗೆ ಇಳಿಸಿತೆನ್ನುವುದು ಹೆಚ್ಚು ಸರಿ. ಅಧಿಕಾರಿಯ ಹೆಸರು, ದಸ್ತಗಿರಿಯ ವೇಳೆ, ದೇಹದ ಮೇಲಿನ ಗಾಯ, ಸಾಕ್ಷಿಯ ಸಹಿ ಇವು ಸಾಮಾನ್ಯ ವಿವರಗಳಂತೆ ಕಂಡರೂ, ಮುಂದೆ ನ್ಯಾಯಾಲಯವು ಪ್ರಶ್ನೆ ಕೇಳಿದಾಗ ಉತ್ತರ ಹೇಳುವುದು ಅವೇ. ಪೊಲೀಸರಿಗೆ ಮಣಿದು ಠಾಣೆಗೆ ನಡೆದ ವ್ಯಕ್ತಿಯು ಜೀವಂತವಾಗಿ ಹಿಂದಿರುಗುವನೆಂಬ ಭರವಸೆ ಇದ್ದರೆ ಮಾತ್ರ ವಿಧೇಯತೆಯನ್ನು ಕರ್ತವ್ಯವೆಂದು ವಿಧಿಸುವುದು ನ್ಯಾಯವಾಗುತ್ತದೆ. ಈ ಭರವಸೆಯನ್ನು ಕಾಗದದ ಮೇಲೆ ನಿಶ್ಚಿತಗೊಳಿಸಲು ಮಾಡಿದ ಪ್ರಯತ್ನವಾಗಿ ಡಿ. ಕೆ. ಬಸು ಪ್ರಕರಣವು ಭಾರತದ ಮಾನವ ಹಕ್ಕುಗಳ ಇತಿಹಾಸದಲ್ಲಿ ಮುಖ್ಯ ಸ್ಥಾನ ಪಡೆದಿದೆ.